ಬಾಲ್ಕನಿಗೆ ಹನ್ನೊಂದು ಸಾವಿರ ಜಾಸ್ತಿ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನೆದುರು
ಔಷಧಿ ಅಂಗಡಿಯ ಮೇಲಿನ ಮಹಡಿ.
ಹದಿನೆಂಟು ಮೆಟ್ಟಿಲು. ಇವರು ಎಣಿಸಿದರು,
ಬಾಯಿಬಿಟ್ಟಲ್ಲ; ಕಂಬಿಯ ಮೇಲಿನ ಕೈ
ಹದಿನೆಂಟು ಸಲ ನಿಂತಿತು.

ಮೂವತ್ತಾರು ವರ್ಷ ಕರೆಂಟು ಕಂಬ ಹತ್ತಿದ ಮನುಷ್ಯ.
ಶ್ರೀಮಂಗಲದಿಂದ ಕುಟ್ಟದವರೆಗೆ
ಯಾವ ಕಂಬ ಯಾವ ಕಡೆ ವಾಲಿದೆಯೆಂದು
ಕಣ್ಣುಮುಚ್ಚಿ ಹೇಳಬಲ್ಲರು.
ಎತ್ತರಕ್ಕೆ ಹೆದರಿದವರಲ್ಲ. ನೀರಿಗೆ ಹೆದರುತ್ತಾರೆ.
ಇದು ನನಗೆ ಗೊತ್ತಿದೆ ಎಂಬುದು
ಇವರಿಗಿನ್ನೂ ಗೊತ್ತಿಲ್ಲ.

ಆದರೂ ಹಡಗಿನ ಮಾತು ತೆಗೆದವರು ಇವರೇ.
ಸೀರೆ ತಂದರೆ ಬಿಲ್ಲಿನ ಸಮೇತ ಕೊಡುವ ಪೆಮ್ಮಯ್ಯ,
ಹೋದ ಭಾನುವಾರ ಅಕ್ಕಿರೊಟ್ಟಿ ಮುರಿಯುತ್ತ,
“ನಲವತ್ತಾಯಿತಲ್ಲ, ಸಮುದ್ರ ನೋಡೋಣವೇ?” ಅಂದರು,
ಪಂದಿ ಕರಿಗೆ ಉಪ್ಪು ಕಡಿಮೆ
ಅನ್ನುವ ದನಿಯಲ್ಲೇ.

ಜಸೀನಾ ಪರದೆ ನಮ್ಮತ್ತ ತಿರುಗಿಸಿದಳು.
ಕೊಚ್ಚಿಯಿಂದ ಹೊರಟರೆ ನಾಲ್ಕು ರಾತ್ರಿ.
ಈಜುಕೊಳವಿದೆ. ಸಮುದ್ರದ ಮೇಲೆ ಯಾಕಮ್ಮ ಕೊಳ?
ಜಾದೂ ಇದೆ, ಬೆಳಿಗ್ಗೆ ಆರಕ್ಕೆ ಯೋಗ,
ಹಿರಿಯ ಜೋಡಿಗಳಿಗೆ ಎರಡನೇ ದಿನ ಕೇಕು,
ಮೇಲಿನ ಡೆಕ್ಕಿನಲ್ಲಿ ಮತ್ತೊಮ್ಮೆ ಹಾರ ಬದಲಾವಣೆ.
“ಹಾರ ಬೇಡ” ಅಂದೆವು,
ನಲವತ್ತು ವರ್ಷದಲ್ಲಿ ಮೊದಲ ಸಲ
ಇಬ್ಬರೂ ಒಂದೇ ಉಸಿರಿಗೆ.

ಇವರ ಪ್ರಶ್ನೆಗಳು ಜೇಬಿನ ಚೀಟಿಯಲ್ಲಿದ್ದವು.
ಹಡಗಲ್ಲಿ ಡಾಕ್ಟರಿದ್ದಾರೆಯೇ.
ಜನರೇಟರು ಯಾವ ಅಂತಸ್ತಿನಲ್ಲಿದೆ.
ಮೊಣಕಾಲಲ್ಲಿ ಸ್ಟೀಲಿದ್ದರೆ ಗೇಟಿನ ಯಂತ್ರ ಕೂಗುತ್ತದೆಯೇ.
ಕಾಚಂಪುಳಿ ಬಾಟಲಿ ಒಳಗೆ ಬಿಡುತ್ತಾರೆಯೇ:
ಇದು ನನ್ನ ಪ್ರಶ್ನೆ, ಇವರ ಅಕ್ಷರದಲ್ಲಿ.

ಕೋಣೆ ಮೂರು ತರಹ.
ಕಿಟಕಿಯಿಲ್ಲದ್ದು. ಕಿಟಕಿಯಿದ್ದೂ ತೆರೆಯದ್ದು.
ಆಮೇಲೆ ಬಾಲ್ಕನಿಯದು: ಎರಡು ಕುರ್ಚಿ,
ಎದೆಮಟ್ಟ ಗಾಜು, ಅದರಾಚೆ ಬರೀ ನೀರು.
ಹನ್ನೊಂದು ಸಾವಿರ ಜಾಸ್ತಿ.

“ಕಿಟಕಿಯಿಲ್ಲದ್ದೇ ಸಾಕು,
ಮಲಗಲಿಕ್ಕೆ ತಾನೆ? ಕತ್ತಲು ಎಲ್ಲ ಕಡೆ ಒಂದೇ,”
ಅಂದರು ಇವರು. ಬೆರಳು ಮೇಜಿನ ಅಂಚು ಹಿಡಿದಿತ್ತು,
ಹಡಗು ಆಗಲೇ ದಡ ಬಿಟ್ಟಂತೆ.

ಕತ್ತಲು ಎಲ್ಲ ಕಡೆ ಒಂದೇ ಅಲ್ಲ.

ಪೊನ್ನಂಪೇಟೆಯಾಚೆ ಇವರ ಮನೆಯ ಬಾವಿ.
ಮದುವೆಯ ರಾತ್ರಿ, ಗಂಗಾಪೂಜೆ.
ವೀಳ್ಯ ಬಿಟ್ಟು, ನೀರು ಸೇದಿ,
ತಲೆಯ ಮೇಲೆ ಬಿಂದಿಗೆ, ಬಿಂದಿಗೆಯ ಮೇಲೆ ಬಿಂದಿಗೆ.
ಎದುರಿಗೆ ಗಂಡಿನ ಕಡೆಯವರು
ವಾಲಗಕ್ಕೆ ಕುಣಿದರು, ಕುಣಿದರು, ದಾರಿ ಬಿಡದೆ ಕುಣಿದರು.
ಬಾವಿಯಿಂದ ಅಡುಗೆಮನೆಗೆ ನೂರು ಮಾರಿಲ್ಲ.
ಎರಡೂವರೆ ಗಂಟೆ ನಿಂತೆ.
ಮುಸುಕಿನೊಳಗೆ ಕುತ್ತಿಗೆ ಕಲ್ಲಾಯಿತು.
ಇವರ ಚಿಕ್ಕಪ್ಪ ಒಬ್ಬರಂತೂ ಮೂರು ಪೆಗ್ಗಿನ ಧೈರ್ಯದಲ್ಲಿ
ನಡುರಾತ್ರಿ ದಾಟಿದರೂ ಕೈ ಇಳಿಸಲೊಲ್ಲರು.

ಆಗ ಕರೆಂಟು ಹೋಯಿತು.

ಅಂಗಳದ ಬಲ್ಬುಗಳೆಲ್ಲ ಒಟ್ಟಿಗೆ.
ಕೊಂಬು ಅರ್ಧಕ್ಕೆ ನಿಂತಿತು, ಯಾರೋ ಯಾರದೋ ಕಾಲು ತುಳಿದರು,
ಟಾರ್ಚು, ಟಾರ್ಚು ಎಂದು ಕೂಗಿದರು.
ನಾನು ನಡೆದುಬಿಟ್ಟೆ. ಒಂದು ಹನಿ ಚೆಲ್ಲಲಿಲ್ಲ.
ಬಿಂದಿಗೆ ಇಳಿಸುವುದಕ್ಕೂ ಬೆಳಕು ಬರುವುದಕ್ಕೂ ಸರಿಯಾಯಿತು.
ಪಕ್ಕದ ಮನೆಯ ದೀಪ ಮಾತ್ರ
ಅಷ್ಟೂ ಹೊತ್ತು ಉರಿಯುತ್ತಲೇ ಇತ್ತು.
ಫ್ಯೂಸು ಕಿತ್ತವರು ಯಾರೆಂದು
ನಾನು ಕೇಳಿಲ್ಲ. ಇವರು ಹೇಳಿಲ್ಲ.

“ಬಾಲ್ಕನಿಯದೇ ಬರೆದುಕೋ,” ಅಂದೆ ಜಸೀನಾಗೆ,
“ಜಾಸ್ತಿಯದು ನನ್ನ ಕಾಳುಮೆಣಸಿನ ದುಡ್ಡು.
ಒಂದು ಸಲ ನೀರನ್ನು ನಾನು ಹೊತ್ತಿದ್ದೇನೆ,
ಈಗ ಅದು ಹೊರಲಿ.”
ಹುಡುಗಿಗೆ ಅರ್ಥವಾಗಲಿಲ್ಲ, ನಕ್ಕಳು, ಬರೆದುಕೊಂಡಳು.

ಇವರು ಚೀಟಿ ಮಡಚಿದರು. ಮತ್ತೆ ಬಿಚ್ಚಿದರು.
ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ,
ನನ್ನ ಕಡೆ ತಿರುಗದೆ, ಕೇಳಿದರು:
“ಬಾಲ್ಕನಿ ದೀಪದ ಸ್ವಿಚ್ಚು
ಒಳಗಿರುತ್ತದೋ, ಹೊರಗೋ?”