ಚೀಟಿಯ ಮೇಲಿನ ಮಾತು

ಹಟ್ಟಿಯ ಗಣಿ ಆಸ್ಪತ್ರೆಯಲ್ಲಿ ಚೀಟಿ ನೋಡಿ ರಿಜಿಸ್ಟರು ತುಂಬುವವಳು ನಾನು.
ಹುಸೇನಪ್ಪನ ಹೆಸರಿನ ಮುಂದೆ ಡಾಕ್ಟರು ಗೀಚಿದ್ದರು
ಉದ್ದನೆಯದೊಂದು ಶಬ್ದ, ಬಾಲಕ್ಕೆ ‘ಫೋಬಿಯಾ’.
ಕೇಳಿದೆ. ಗ್ರೀಕರದು, ಅಂದರು, ‘ಫೋಬೋಸ್’.
ಅವರ ಹಳೆಯ ಕಾಳಗದ ಕಥೆಗಳಲ್ಲಿ
ಅದು ಭಯವಲ್ಲವಂತೆ, ಓಟ;
ಗುರಾಣಿ ಬಿಸುಟು ಬೆನ್ನು ತೋರಿಸಿದ ಓಟ.
ಕಾಲಿನಲ್ಲಿದ್ದ ಮಾತು
ಆಮೇಲೆ ಎಂದೋ ಎದೆಗೆ ಹತ್ತಿತಂತೆ.

ನಮ್ಮಲ್ಲಿ ಹಾಗಿಲ್ಲವಲ್ಲ ಸರ್, ಅಂದೆ.
ಅಂಜಿದವನ ಜಂಘಾಬಲವೇ ಉಡುಗುತ್ತದೆ,
ಕೈಕಾಲು ಆಡುವುದಿಲ್ಲ,
ನಿಂತಲ್ಲೇ ಕಲ್ಲು.

ಬಾಗಿಲಿಗೆ ಒರಗಿದ್ದ ಹುಸೇನಪ್ಪ
ಹೆಲ್ಮೆಟ್ಟಿನ ಪಟ್ಟಿ ತಿರುಚುತ್ತ ಬಾಯಿ ಬಿಟ್ಟ:
‘ಕೇಜು ಇಳಿಯಾಗ ಏನೂ ಇಲ್ರೀ ಅಕ್ಕಾರ.
ಕೆಳಗ ದೀಪ ಹೋದ್ರೂ ಇಲ್ಲ.
ಅವತ್ತು ಮ್ಯಾಲಿನ ಕಲ್ಲು ಸಡಿಲಾದಾಗ
ಯಂಕೋಬ ನನ್ನ ಹೆಸರು ಹಿಡದು ಕೂಗಿದ.
ನಾ ಓಡಿದೆ.
ಆಗ ಅಂಜಿಕಿ ಇದ್ದಿಲ್ರೀ, ಬರೇ ಕಾಲು ಇದ್ವು.
ಅಂಜಿಕಿ ಈಗ ಬರಾಕತ್ತೈತಿ,
ಪಾಳಿ ಸೈರನ್ ಆದ ಕೂಡ್ಲೆ, ದಿನಾ.’

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು.

ಉದ್ದನೆಯ ಶಬ್ದವನ್ನು ತಪ್ಪಿಲ್ಲದೆ ಇಳಿಸಿಕೊಂಡೆ.
ಎರಡು ಪುಟ ಹಿಂದೆ ಯಂಕೋಬನ ಹೆಸರು,
ನನ್ನದೇ ಅಕ್ಷರ.
ಅದರ ಮುಂದಿನ ಮಾತಿಗೆ
ಗ್ರೀಕು ಬೇಕಾಗಿರಲಿಲ್ಲ.