ಮೂರೋ ಎಂಟೋ

ಜಗಳ ಶುರುವಾದದ್ದು ಒಂದು ಅಂಕಿಯಿಂದ.
ಪರದೆಯ ಮೂಲೆಯಲ್ಲಿ ಸಾಸಿವೆಯಷ್ಟು ಅಂಕಿ:
ನನ್ನ ಕಾರು ಮೂರನೆಯದೋ, ಎಂಟನೆಯದೋ?
ಅಣ್ಣನ ಮಗ ಪ್ರಥಮೇಶ ಎಂಟು ಅಂದ.
ನಾನು ಮೂರು ಅಂದೆ.
ಟಿವಿ, ಬೆನ್ನು ಊದಿದ ಹಳೇ ಡಬ್ಬ,
ಯಾವ ವಕೀಲ ಕೇಳಿದರೂ ಹೌದು ಅನ್ನುವ ಸಾಕ್ಷಿಯ ಹಾಗೆ
ಎರಡನ್ನೂ ಒಪ್ಪಿಕೊಂಡಿತು.

ನಾನೇನು ಕಣ್ಣು ಕಾಣದವಳಲ್ಲ.
ಕಾರವಾರ ಡಿಪೋದಲ್ಲಿ ಹದಿನಾಲ್ಕು ವರ್ಷದ ಕಂಡಕ್ಟರು.
ಬೆವರಿಗೆ ಅಳಿಸಿದ ಟಿಕೆಟ್ಟು ಓದುತ್ತೇನೆ,
ಹರಿದು ಅಂಟಿಸಿದ ನೋಟಿನ ನಂಬರು
ಎರಡೂ ಕಡೆ ತಾಳೆ ನೋಡುತ್ತೇನೆ,
ಬಿಣಗಾ ಎಂದು ಹತ್ತಿ
ಅಂಕೋಲೆಯವರೆಗೆ ನಿದ್ದೆ ನಟಿಸುವ ಮುಖ
ಹಿಂದಿನ ಸೀಟಿನಿಂದಲೇ ಗೊತ್ತಾಗುತ್ತದೆ.
ಆದರೆ ಈ ಆಟ ಕಟ್ಟಿದವರು
ನಮ್ಮಂಥ ಟಿವಿಯನ್ನು ಲೆಕ್ಕಕ್ಕೇ ಹಿಡಿದಿಲ್ಲ.
ಮುಂದೆ ತಿರುವಿದೆ ಎಂಬ ಫಲಕ
ಗೋಡೆಗೆ ಗುದ್ದಿದ ಮೇಲೆ ಓದಲು ಬರುತ್ತದೆ.

"ನಲವತ್ತಾಯಿತು, ಇನ್ನೂ ಆಟ" ಅಂದಳು ಅತ್ತಿಗೆ ಸುಲಕ್ಷಾ,
ಹಿಟ್ಟು ಕಲಸುತ್ತಾ, ಯಾರಿಗೂ ಅಲ್ಲದಂತೆ.
ಏನು ಹೇಳಲಿ ಅವಳಿಗೆ.
ಬಿಣಗಾ ಘಟ್ಟ ಎಷ್ಟು ಸಲ ಏರಿದೆನೋ ಇಳಿದೆನೋ
ಎಲ್ಲ ಬಸ್ಸಿನ ಹೊಟ್ಟೆಯಲ್ಲಿ, ಕಂಬಿ ಹಿಡಿದು, ನಿಂತು.
ಸ್ಟಿಯರಿಂಗು ಇನ್ನೊಬ್ಬರದು. ಸೀಟಿ ಮಾತ್ರ ನನ್ನದು.
ರಾತ್ರಿ ಒಂಬತ್ತೂವರೆಯಿಂದ ಹತ್ತೂಕಾಲರ ತನಕ
ತಿರುಗಿಸುವವಳು ನಾನು,
ಯಾರಿಗೂ ಚಿಲ್ಲರೆ ಕೊಡಬೇಕಿಲ್ಲ.

ರೋಹಿದಾಸ ಬಾಂದೇಕರ ಪ್ರಾಮಾಣಿಕ, ವ್ಯಾಪಾರಕ್ಕೆ ತಕ್ಕವನಲ್ಲ.
"ಹೈ ಡೆಫಿನಿಷನ್, ಬಾಯಿ, ಮೂವತ್ತೆರಡು ಇಂಚು.
ನಿಜ ಹೇಳ್ತೇನೆ, ನಿಮ್ಮ ಕೇಬಲ್ಲು ಹಳೇದೇ,
ಧಾರಾವಾಹಿಯ ಅತ್ತೆ ಇನ್ನಷ್ಟು ಅಗಲವಾಗ್ತಾಳೆ, ಅಷ್ಟೇ.
ವ್ಯತ್ಯಾಸ ಕಾಣೋದು ಆಟದಲ್ಲಿ ಮಾತ್ರ.
ಬರೀ ಆಟಕ್ಕೆ ಹದಿನೆಂಟು ಸಾವಿರ...
ನೀವೇ ಯೋಚಿಸಿ."
ಏಳು ತಿಂಗಳ ಓವರ್‌ಟೈಮು. ಯೋಚಿಸಿದೆ.

ಜೊತೆಗೆ ಬಂದಿದ್ದ ಆಯಿ ಯೋಚಿಸುತ್ತಿರಲಿಲ್ಲ.
ಮೂವತ್ತು ವರ್ಷ ಮೀನು ಮಾರುಕಟ್ಟೆಯಲ್ಲಿ
ಇಸ್ವಾಣ ಕೊಯ್ದ ಕೈ ಬೆನ್ನಿಗೆ ಕಟ್ಟಿ
ಗೋಡೆಯ ದೊಡ್ಡ ಪರದೆಯ ಮುಂದೆ ನಿಂತಿದ್ದಳು.
ಯಾವುದೋ ದೇಶದ ಸಂತೆ, ಐಸಿನ ಮೇಲೆ ಸಾಲು ಮೀನು,
ಒಂದೊಂದು ಹುರುಪೆಯೂ ಎಣಿಸುವಷ್ಟು.
ಅಂಗಡಿಯವರೆಲ್ಲ ಆಹಾ ಅನ್ನುವಂತೆ ಮಾಡಿದ ಚಿತ್ರ.
ಆಯಿ ಬಗ್ಗಿ ಕಣ್ಣು ನೋಡಿದಳು, ಕಿವಿರು ನೋಡಿದಳು.
"ಮೊನ್ನೆಯದು" ಅಂದಳು.
"ಇದಕ್ಕೆ ಅರ್ಧ ದುಡ್ಡೂ ಕೊಡಬೇಡ."

ರೋಹಿದಾಸನಿಗೆ ಅರ್ಥವಾಗಲಿಲ್ಲ.
ಟಿವಿಗೆ ಎಂದು ತಿಳಿದು ಐನೂರು ಇಳಿಸಿದ.

ಹೊಸದು ಬಂತು. ಪ್ರಥಮೇಶ ವೈರು ಸಿಕ್ಕಿಸಿದ.
ಸಮುದ್ರ ಕಂಡಿತು, ದೂರದ ತಿರುವು ಕಂಡಿತು,
ಎದುರಿನ ಕಾರಿನ ಗಾಜಿನಲ್ಲಿ ಮೋಡವೂ ಕಂಡಿತು.
ಮೂಲೆಯ ಅಂಕಿ, ಎಂಟು.
ಅಷ್ಟು ದಿನವೂ ಎಂಟೇ ಇದ್ದಿರಬೇಕು.
ಹುಡುಗ ನಗಲಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು.

ಆಯಿಯ ಬಾತುಕೋಳಿ ಮಾತ್ರ ಸಾಯಲಿಲ್ಲ.
ಅವಳದು ಹಳೇ ಕ್ಯಾಸೆಟ್ಟು,
ಮೇಲೆ ಬರೆದದ್ದು ಒಂಬತ್ತು ಸಾವಿರ ಆಟ, ಒಳಗೆ ಏಳು.
ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬಂದೂಕು
ಊದಿದ ಗಾಜಿನ ಬೆಳಕನ್ನು ಮಾತ್ರ ಗುರುತಿಸುತ್ತದಂತೆ,
ಚಪ್ಪಟೆ ಟಿವಿ ಅದಕ್ಕೆ ಪರಿಚಯವಿಲ್ಲ.
ಟಪ್, ಟಪ್, ಟಪ್.
ಹಕ್ಕಿ ಹಾರಿ ಹೋಯಿತು, ಗರಿ ಗರಿ ಸ್ಪಷ್ಟವಾಗಿ.
ಆಯಿ ನನ್ನತ್ತ ನೋಡಿದಳು,
ತೂಕದಲ್ಲಿ ಮೋಸ ಮಾಡಿದವಳನ್ನು ನೋಡುವ ಹಾಗೆ.

ಜಗಲಿಗೆ ಹಾಕಿದ್ದ ಡಬ್ಬವನ್ನು
ನಾನೂ ಪ್ರಥಮೇಶನೂ ಏದುಸಿರು ಬಿಡುತ್ತ
ಅಡುಗೆಮನೆ ಬಾಗಿಲ ಪಕ್ಕ ತಂದಿಟ್ಟೆವು.
ಈಗ ಮನೆಯಲ್ಲಿ ಎರಡು ಟಿವಿ, ಕರೆಂಟು ಬಿಲ್ಲು ಒಂದು.
ಸುಲಕ್ಷಾ ಆ ಬಿಲ್ಲನ್ನು ದೇವರ ಫೋಟೊದ ಕೆಳಗೆ
ಎಲ್ಲರಿಗೂ ಕಾಣುವಂತೆ ಸಿಕ್ಕಿಸಿದ್ದಾಳೆ.

ಬರೀ ಆಟಕ್ಕೆ ಅಷ್ಟು ದುಡ್ಡು ಸರಿಯೇ ಅಂತ
ಡ್ರೈವರು ಅಂಕುಶ ಮಾಜಾಳಿಯಲ್ಲಿ ಚಹಾ ಕುಡಿಯುತ್ತ ಕೇಳಿದ.
ಬಾಕಿ ಟಿಕೆಟ್ಟಿನ ಹಿಂದೆ ಬರೆದಿದ್ದೇನೆ ಮಾರಾಯ,
ಇಳಿಯುವಾಗ ಕೇಳು.

ನಿನ್ನೆ ಆರು.
ಯಾರು ನೋಡಿದರೂ ಆರೇ.