ಪ್ರಾಂಪ್ಟರನ ಪ್ರತಿ

ಉಪ್ಪಳದ ರೇಶನ್ ಅಂಗಡಿಯ ಮಾಳಿಗೆಯಲ್ಲಿ
ಇಪ್ಪತ್ತೆಂಟು ರಾತ್ರಿ ತಾಲೀಮು.
ಎಂಟೂವರೆಯ ರೈಲು ಹಾದುಹೋಗುವಷ್ಟು ಹೊತ್ತು
ಎಲ್ಲರೂ ಬಾಯಿ ತೆರೆದಲ್ಲೇ ನಿಲ್ಲುವುದು,
ಬೋಗಿ ಮುಗಿದ ಮೇಲೆ ಮಾತು ಮುಂದುವರಿಸುವುದು.

ಹೊಸ ಬಗೆಯ ನಾಟಕ. ರಾಜನಿಲ್ಲ, ಕಿರೀಟವಿಲ್ಲ,
ಪಾತ್ರಗಳಿಗೆ ಹೆಸರೂ ಇಲ್ಲ.
ಒಂದನೆಯವನು, ಎರಡನೆಯವನು, ಹೀಗೆ ಏಳರವರೆಗೆ.
ಶಾಲೆಯ ಯೂನಿಫಾರ್ಮಿಗೆ ಕತ್ತರಿಸಿ ಉಳಿದ ಬೂದು ಬಟ್ಟೆಯಲ್ಲಿ
ಹೊಸಂಗಡಿಯ ವಾಮನ ಹೊಲಿದ ಏಳು ಅಂಗಿ,
ಅಳತೆ ತೆಗೆದದ್ದು ಒಬ್ಬರದ್ದೇ.
ಸಹಕಾರಿ ಬ್ಯಾಂಕಿನಿಂದ ಕಡ ತಂದ ಏಳು ಕುರ್ಚಿ,
ಬೆನ್ನಲ್ಲಿ ಬ್ಯಾಂಕಿನ ಹೆಸರು ಮಲಯಾಳದಲ್ಲಿ;
ಕನ್ನಡ ನಾಟಕದಲ್ಲಿ ಅದು ಕಾಣಬಾರದೆಂದು
ಸಂಜೀವ ಮಾಸ್ಟ್ರು ಬೈರಾಸು ಹೊದೆಸಿದರು.

ಕಥೆ ಇಷ್ಟೆ:
ಯಾರೋ ಒಬ್ಬರು ನಗುತ್ತಾರೆ, ಯಾಕೆಂದು ಹೇಳುವುದಿಲ್ಲ.
ಪಕ್ಕದವರು ನಗುತ್ತಾರೆ, ಅವರ ಪಕ್ಕದವರು.
ಏಳನೆಯವಳು ಕೇಳುತ್ತಾಳೆ: ಏನಾಯಿತು?
ಆರು ಕುರ್ಚಿ ಒಂದೊಂದು ಗೇಣು ಅವಳತ್ತ ಸರಿಯುತ್ತವೆ.
ಬೈಯುವುದಿಲ್ಲ, ಹೊಡೆಯುವುದಿಲ್ಲ,
ನೀರು ಬೇಕಾ ಎನ್ನುತ್ತಾರೆ, ಹುಷಾರಿಲ್ಲವಾ ಎನ್ನುತ್ತಾರೆ,
ಮನೆಯಲ್ಲಿ ಎಲ್ಲ ಸೌಖ್ಯವಾ ಎನ್ನುತ್ತಾರೆ.
ಕೊನೆಗೆ ಏಳನೆಯವಳೂ ನಗುತ್ತಾಳೆ,
ಎಲ್ಲರಿಗಿಂತ ದೊಡ್ಡದಾಗಿ. ಪರದೆ.

ಹಾಲಿನ ಸೊಸೈಟಿಯಲ್ಲಿ ಲೆಕ್ಕ ಬರೆಯುವ ವಾರಿಜ ಏಳನೆಯವಳು.
ಎಂಥ ನಗು ಅವಳದ್ದು ತಾಲೀಮಿನಲ್ಲಿ!
ಕೊಡಪಾನ ಮೆಟ್ಟಿಲಿಂದ ಉರುಳಿದ ಹಾಗೆ;
ಕೆಳಗೆ ಅಕ್ಕಿ ಅಳೆಯುವವನ ಕೈ ನಿಲ್ಲುತ್ತಿತ್ತು.
ಇದೇ, ಇದನ್ನೇ ಅಂದು ಕೊಡು, ಎನ್ನುತ್ತಿದ್ದರು ಮಾಸ್ಟ್ರು.

ನಾನು ಪ್ರಾಂಪ್ಟರ್.
ನನಗೆ ಅಂಗಿ ಇಲ್ಲ, ಕುರ್ಚಿ ಇಲ್ಲ,
ಎಡಬದಿಯ ಪರದೆಯ ಮರೆಯಲ್ಲಿ ಒಂದು ಮಣೆ, ಒಂದು ಟಾರ್ಚು,
ಜೆರಾಕ್ಸ್ ಪ್ರತಿ. ಮರೆತವರ ಕಿವಿಗೆ
ಅವರದ್ದೇ ಮಾತನ್ನು ದಾಟಿಸುವುದು ಕೆಲಸ.
ಸಭೆಗೆ ಕೇಳಿಸಿದರೆ ಸೋತೆ.

ಪ್ರದರ್ಶನದ ದಿನ ಶಾಲೆಯ ಅಂಗಳ ತುಂಬ ಜನ,
ತಮ್ಮತಮ್ಮಲ್ಲಿ ತುಳು ಮಾತಾಡುತ್ತ, ಮಲಯಾಳದಲ್ಲಿ ಮಕ್ಕಳನ್ನು ಗದರುತ್ತ
ಕನ್ನಡ ನೋಡಲು ಕೂತವರು.
ಒಂದನೆಯವನು ನಕ್ಕ. ಎರಡನೆಯವನು. ಮೂರು. ನಾಲ್ಕು.
ಐದನೆಯವನು ನಗುವ ಮೊದಲೇ ಅಂಗಳ ನಗತೊಡಗಿತು.
ಯಾಕೆಂದು ಅವರಿಗೂ ಯಾರೂ ಹೇಳಿರಲಿಲ್ಲ.
ಮಾಸ್ಟ್ರು ನನ್ನ ಭುಜ ಹಿಂಡಿದರು: ಗೆದ್ದೆವು ಮಾರಾಯ.

ಕುರ್ಚಿಗಳು ಸರಿದವು. ನೀರು ಬೇಕಾ, ಕೇಳಿದರು.
ವಾರಿಜ ನಗಲಿಲ್ಲ.
ಪಿಸುಗುಟ್ಟಿದೆ: ನಗು.
ಪುಟದಲ್ಲಿ ಹಾಗೆಯೇ ಇದೆ, ಕಂಸದೊಳಗೆ, ನಗುತ್ತಾಳೆ.
ಇನ್ನೊಮ್ಮೆ ಪಿಸುಗುಟ್ಟಿದೆ. ಟಾರ್ಚನ್ನು ಅವಳ ಕಾಲಿಗೆ ಬಿಟ್ಟೆ.
ಮೂರನೆಯ ಸಾಲಿನಿಂದ ಅವಳ ಭಾವನೇ ಕೂಗಿದ, ನಗು ಮಾರಾಯ್ತಿ!
ಹಿಂದಿನಿಂದ ಒಬ್ಬ ತೆಲಿಪು ಎಂದ, ಇನ್ನೊಬ್ಬ ಚಿರಿಕ್ಕ್ ಎಂದ.
ನಮ್ಮೂರಲ್ಲಿ ಬೋರ್ಡಿಗೊಂದು ಭಾಷೆ, ಜಗಳಕ್ಕೊಂದು ಭಾಷೆ;
ಅಂದು ಮಾತ್ರ ಎಲ್ಲ ಭಾಷೆಗೂ ಒಂದೇ ಮಾತು.

ಅವಳು ಎದ್ದು ಕುರ್ಚಿಯ ಬೈರಾಸು ತೆಗೆದು
ಮುಖ ಒರೆಸಿ, ನಾಲ್ಕು ಮಡಿಕೆ ಮಾಡಿ,
ಮಡಿಲಲ್ಲಿಟ್ಟು ಕೂತಳು.
ಪರದೆ ಎಳೆಯುವ ಐತಪ್ಪ ನಗುವಿಗೆ ಕಾಯುತ್ತ
ಹಗ್ಗ ಹಿಡಿದೇ ನಿಂತಿದ್ದ. ರೈಲೂ ಬರಲಿಲ್ಲ.

ಈಗ ಹೇಳಬೇಕು.
ಅಂದು ಬೆಳಿಗ್ಗೆ ಸೊಸೈಟಿಯ ಕಟ್ಟೆಯಲ್ಲಿ
ಯಾರೋ ಅವಳ ತಂಗಿಯ ಸುದ್ದಿ ತೆಗೆದು ನಕ್ಕರು.
ಕ್ಯಾನು ಹಿಡಿದು ಸಾಲಿನಲ್ಲಿದ್ದವರೆಲ್ಲ ನಕ್ಕರು.
ಒಳಗೆ ಅವಳು ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ.
ಸಾಲಿನಲ್ಲಿ ನಾನು ಐದನೆಯವನೋ ಆರನೆಯವನೋ.
ಸುದ್ದಿ ನನಗೆ ಸರಿಯಾಗಿ ಕೇಳಿಸಿರಲೂ ಇಲ್ಲ.
ನಕ್ಕೆ.

ಮಾಸ್ಟ್ರು ಇನ್ನೂ ಹೇಳುತ್ತಾರೆ,
ಆ ಹುಡುಗಿ ಕೊನೆ ಕೆಡಿಸಿದಳು, ಮುಂದಿನ ಸಲ ಬೇರೆಯವರನ್ನು ನೋಡಬೇಕು.
ವಾಮನ ಅಂಗಿಗಳನ್ನು ವಾಪಸು ಕೇಳಿದ್ದಾನೆ; ಆರು ಸಿಕ್ಕಿವೆ.
ಪ್ರತಿ ನನ್ನಲ್ಲೇ ಇದೆ.
ಕೊನೆಯ ಪುಟದ ಕಂಸದೊಳಗಿನ ಪದವನ್ನು
ಒಂದು ರಾತ್ರಿ ಪೆನ್ಸಿಲಿನಿಂದ ಹೊಡೆದುಹಾಕಿದೆ.
ಮತ್ತೆ ಯಾರಾದರೂ ಪ್ರತಿ ಕೇಳಿದರೆ ಎಂದು
ರಬ್ಬರಿನಲ್ಲಿ ಉಜ್ಜಿದೆ. ಗೆರೆ ಹೋಗಿದೆ.
ಒತ್ತಿದ ಗುರುತು ಬೆರಳಿಗೆ ಹತ್ತುತ್ತದೆ.